ಒಂದೇ ತಾಯಿ, ಒಂದೇ ತಾರೀಖು: ಒಕ್ಕದ ವಂಶಾವಳಿಯಲ್ಲಿ ಅವಳಿಗಳ ಹುಡುಕಾಟ

ಕೊಡವ ಒಕ್ಕವೊಂದರ, ಅಂದರೆ ಮನೆತನದ, ವಂಶಾವಳಿ ಅಚ್ಚಿಗೆ ಹೋಗುವ ಮೊದಲು ಅದನ್ನು ಡೇಟಾಬೇಸ್‌ಗೆ ಏರಿಸಿ, ತಪ್ಪುಗಳನ್ನು ಸೋಸಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಆ ಒಕ್ಕದವನಲ್ಲ. ವಿರಾಜಪೇಟೆಯಲ್ಲಿ ಲೆಕ್ಕಪತ್ರ ನೋಡಿಕೊಂಡು ಇರುವವನಿಗೆ ಡೇಟಾಬೇಸ್ ಗೊತ್ತಿದೆ ಎಂಬ ಸುದ್ದಿ ಹೇಗೋ ಹರಡಿತ್ತು, ಅಷ್ಟೇ. ಒಕ್ಕದ ಯಜಮಾನರಾದ ಪಟ್ಟೆದಾರರು ಬೇರೆ ಯಾವುದರ ಬಗ್ಗೆಯೂ ತಲೆ ಕೆಡಿಸಿಕೊಂಡಿರಲಿಲ್ಲ. ಅವರ ಪ್ರಶ್ನೆ ಒಂದೇ: “ನಮ್ಮಲ್ಲಿ ಅವಳಿಗಳು ಯಾರು ಯಾರು, ಅವರಲ್ಲಿ ದೊಡ್ಡವರು ಯಾರು? ಇದೊಂದನ್ನು ನೀವು ಸರಿಯಾಗಿ ಹಾಕಿಕೊಡಬೇಕು.”

ಹೊರಗಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಪಟ್ಟೆದಾರಿಕೆ ಸಲ್ಲುವುದು ಒಕ್ಕದ ಹಿರಿಯ ಗಂಡಸಿಗೆ. ಅಣ್ಣ ಯಾರು ತಮ್ಮ ಯಾರು ಎಂಬುದನ್ನು ಪುಸ್ತಕ ತಲೆಕೆಳಗು ಮಾಡಿದರೆ ಸುಗ್ಗಿಯ ಹಬ್ಬವಾದ ಪುತ್ತರಿಗೆ ಒಕ್ಕದ ಮೂಲಮನೆ ಐನ್‌ಮನೆಯಲ್ಲಿ ಸೇರಿದಾಗ ಮಾತು ಬೆಳೆಯುತ್ತದೆ. ಅಚ್ಚಾದ ಮೇಲೆ ತಿದ್ದುವುದಕ್ಕೂ ಆಗುವುದಿಲ್ಲ.

ಕೈಗೆ ಸಿಕ್ಕ ಸಾಮಗ್ರಿ ನಾನಾ ಬಗೆಯದು. ಐನ್‌ಮನೆಯ ಅಟ್ಟದಲ್ಲಿದ್ದ ನೋಟ್‌ಪುಸ್ತಕಗಳು, ಅರ್ಧ ಗೆದ್ದಲು ತಿಂದ ಜಾತಕಗಳ ಕಟ್ಟು, ಸೇನೆಯಿಂದ ಬಂದವರ ಬಿಡುಗಡೆ ಪುಸ್ತಕಗಳು, ಶಾಲೆಯ ವರ್ಗಾವಣೆ ಪತ್ರಗಳು, ಇತ್ತೀಚಿನವರ ಜನನ ಪ್ರಮಾಣಪತ್ರಗಳು. ಇವುಗಳ ಜೊತೆಗೆ ಬೆಂಗಳೂರಿನಲ್ಲಿರುವ ಹುಡುಗನೊಬ್ಬ ಕಳಿಸಿದ ಎಕ್ಸೆಲ್ ಕಡತ, ಮತ್ತೊಬ್ಬರು ಬಹಳ ಹಿಂದೆ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿದ್ದ ವಂಶವೃಕ್ಷ. ಮಳೆಗಾಲದಲ್ಲಿ ಕೈ ಹಾಕಿದ್ದರಿಂದ ಕಾಗದಗಳೆಲ್ಲ ತೇವ ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಫೋಟೊ ತೆಗೆದುಕೊಂಡು, ಕರೆಂಟ್ ಇದ್ದ ಹೊತ್ತಿನಲ್ಲಿ ಟೈಪ್ ಮಾಡಿದೆ.

ಡೇಟಾಬೇಸ್ ಎಂದರೆ ಎಸ್‌ಕ್ಯುಲೈಟ್. ದುಡ್ಡು ಕೊಡಬೇಕಿಲ್ಲ, ಇಡೀ ಒಕ್ಕ ಒಂದೇ ಕಡತದಲ್ಲಿ ಕೂರುತ್ತದೆ, ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟರೆ ಮುಗಿಯಿತು. ಟೇಬಲ್‌ಗಳಿಗೂ ಕಾಲಂಗಳಿಗೂ ಕನ್ನಡದ ಹೆಸರುಗಳನ್ನೇ ಇಟ್ಟೆ. ಎಸ್‌ಕ್ಯುಲೈಟ್ ತಕರಾರಿಲ್ಲದೆ ಒಪ್ಪುತ್ತದೆ. ‘ವ್ಯಕ್ತಿ’ ಎಂಬ ಟೇಬಲ್‌ನಲ್ಲಿ ಹೆಸರು, ಲಿಂಗ, ತಂದೆ, ತಾಯಿ. ಹುಟ್ಟಿದ ದಿನವನ್ನು ಮಾತ್ರ ಅದರಲ್ಲಿ ಇಡಲಿಲ್ಲ. ಅದಕ್ಕೆ ‘ಹೇಳಿಕೆ’ ಎಂಬ ಬೇರೆ ಟೇಬಲ್. ಯಾವ ದಾಖಲೆ, ಅದರಲ್ಲಿ ಬರೆದಿರುವ ಮಾತು ಇದ್ದ ಹಾಗೆಯೇ, ಆ ಮಾತಿನ ಪ್ರಕಾರ ತೀರಾ ಮೊದಲೆಂದರೆ ಯಾವ ದಿನ, ತೀರಾ ತಡವೆಂದರೆ ಯಾವ ದಿನ, ನಕ್ಷತ್ರ, ಕೊಡವ ತಿಂಗಳು. ಒಬ್ಬರಿಗೆ ಒಂದೇ ಜನ್ಮದಿನ ಎಂದು ಮೊದಲೇ ತೀರ್ಮಾನಿಸಿ ಕೂಡಿಸಿದ ವಂಶಾವಳಿಗಳನ್ನು ನಾನು ನಂಬುವುದಿಲ್ಲ. ಯಾವ ದಾಖಲೆ ಏನು ಹೇಳಿತ್ತು ಎಂಬುದು ಅಲ್ಲಿಗೇ ಅಳಿಸಿಹೋಗಿರುತ್ತದೆ.

ಮೊದಲ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಹಾಕುವ ಪ್ರಶ್ನೆ, ಓಡಿಸುವ ಮುನ್ನ ಅಕ್ಷರಗಳ ಒಂದು ಕಾಟವನ್ನು ತೀರಿಸಿಕೊಳ್ಳಬೇಕಾಯಿತು. ನುಡಿಯ ಹಳೆಯ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ಪೊನ್ನಪ್ಪ ಪೊನ್ನಪ್ಪನಾಗಿಯೇ ಕಾಣುತ್ತಿದ್ದ. ಆದರೆ ಹುಡುಕಿದರೆ ಸಿಗುತ್ತಿರಲಿಲ್ಲ. ಒಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರ ಮತ್ತು ಊಕಾರದ ಎರಡು ತುಂಡುಗಳಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ. ಎಸ್‌ಕ್ಯುಲೈಟ್ ಹೋಲಿಸುವುದು ಬೈಟ್‌ಗಳನ್ನು, ಅಂದರೆ ಒಳಗಿನ ಸಂಕೇತಗಳನ್ನು, ಹಾಗಾಗಿ ಅದರ ಪಾಲಿಗೆ ಇಬ್ಬರೂ ಬೇರೆ ಬೇರೆ ಪೊನ್ನಪ್ಪಂದಿರು. ಈಕಾರ, ಏಕಾರ, ಐಕಾರ, ಓಕಾರಗಳದ್ದೂ ಇದೇ ಕಥೆ. ಪೈಥಾನ್‌ನಲ್ಲಿ ಯೂನಿಕೋಡ್ ರೂಪಗಳನ್ನು ಏಕರೂಪಕ್ಕೆ ತರುವ ಸಿದ್ಧ ಸೌಲಭ್ಯ ಇದೆ; ಎಲ್ಲ ಹೆಸರುಗಳನ್ನೂ ಅದರಲ್ಲಿ ಹಾಯಿಸಿದೆ. ಕನ್ನಡ ಅಂಕಿಯಲ್ಲಿದ್ದ ತಾರೀಖುಗಳನ್ನೂ ಬದಲಿಸಬೇಕು. ಎಸ್‌ಕ್ಯುಲೈಟ್‌ನ ದಿನಾಂಕದ ಲೆಕ್ಕಕ್ಕೆ ೧೯೧೨ ಎಂಬುದು ತಾರೀಖೇ ಅಲ್ಲ. ಸದ್ದಿಲ್ಲದೆ ‘ನಲ್’, ಅಂದರೆ ಖಾಲಿ ಉತ್ತರ, ಕೊಟ್ಟು ಸುಮ್ಮನಾಗುತ್ತದೆ.

ಮೊದಲ ಕ್ವೆರಿ

ಅವಳಿಗಳನ್ನು ಹುಡುಕುವ ಕ್ವೆರಿಯಲ್ಲಿ ಒಂದು ಟೇಬಲ್ ತನ್ನನ್ನೇ ತಾನು ಜಾಯಿನ್ ಮಾಡಿಕೊಳ್ಳುತ್ತದೆ. ಕನ್ನಡದಲ್ಲಿ ಬಿಡಿಸಿ ಬರೆದರೆ ಹೀಗೆ:

ವ್ಯಕ್ತಿ ಟೇಬಲ್‌ನ ಒಂದು ಪ್ರತಿಯನ್ನು ‘ಮೊದಲನೆಯವರು’ ಎಂದು ಕರೆ, ಇನ್ನೊಂದನ್ನು ‘ಎರಡನೆಯವರು’ ಎಂದು ಕರೆ;
ಇಬ್ಬರ ತಾಯಿಯ ಕ್ರಮಸಂಖ್ಯೆ ಒಂದೇ ಆಗಿರಬೇಕು;
ಹೇಳಿಕೆ ಟೇಬಲ್‌ನಿಂದ ತಂದ ಇಬ್ಬರ ಹುಟ್ಟಿದ ದಿನಗಳ ಜೂಲಿಯನ್ ದಿನಸಂಖ್ಯೆಗಳ (ಒಂದು ಗೊತ್ತಾದ ಹಳೆಯ ದಿನದಿಂದ ಎಣಿಸಿದ ದಿನಗಳ) ಅಂತರ 1 ಅಥವಾ ಅದಕ್ಕಿಂತ ಕಡಿಮೆ ಇರಬೇಕು;
ಮೊದಲನೆಯವರ ಕ್ರಮಸಂಖ್ಯೆ ಎರಡನೆಯವರದಕ್ಕಿಂತ ಚಿಕ್ಕದಿರಬೇಕು.

ಕೊನೆಯ ಸಾಲು ಇಲ್ಲದಿದ್ದರೆ ಪ್ರತಿಯೊಬ್ಬರೂ ತಮಗೆ ತಾವೇ ಅವಳಿಯಾಗುತ್ತಾರೆ. ‘ಚಿಕ್ಕದು’ ಎಂಬುದರ ಬದಲು ‘ಬೇರೆ’ ಎಂದು ಬರೆದರೆ ಪ್ರತಿ ಜೋಡಿಯೂ ಹಿಂದುಮುಂದಾಗಿ ಎರಡು ಸಲ ಬರುತ್ತದೆ. ತ್ರಿವಳಿಗಳಿದ್ದರೆ ಮೂರು ಜೋಡಿಗಳಾಗಿ ಒಡೆದು ಬರುತ್ತಾರೆ. ಅವರನ್ನು ತಾಯಿಯ ಪ್ರಕಾರ ಗುಂಪು ಮಾಡಿ ಎಣಿಸಬೇಕು. ಈ ಒಕ್ಕದಲ್ಲಿ ಆ ಸಂದರ್ಭ ಬರಲಿಲ್ಲ.

ಒಂದು ದಿನದ ಅಂತರ ಏಕೆ ಬಿಟ್ಟೆ ಎಂದರೆ, ನಡುರಾತ್ರಿಯ ಆಚೀಚೆ ಹುಟ್ಟುವ ಮಕ್ಕಳಿರುತ್ತಾರೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಜಾತಕ. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಬೆಳಗಿನ ಜಾವ ಎರಡು ಗಂಟೆಗೆ ಹುಟ್ಟಿದ ಮಗು ಜಾತಕದಲ್ಲಿ ಹಿಂದಿನ ದಿನಕ್ಕೆ ಸೇರುತ್ತದೆ, ಆಸ್ಪತ್ರೆಯ ಕಾಗದದಲ್ಲಿ ಮರುದಿನದ ತಾರೀಖಿಗೆ. ಅವಳಿಗಳಲ್ಲಿ ಒಬ್ಬನ ತಾರೀಖು ಜಾತಕದಿಂದಲೂ ಇನ್ನೊಬ್ಬನದು ಬೇರೆ ಕಾಗದದಿಂದಲೂ ಬಂದಿದ್ದರೆ, ಒಂದೇ ಗಳಿಗೆಯಲ್ಲಿ ಹುಟ್ಟಿದವರ ನಡುವೆ ಒಂದು ದಿನ ನುಸುಳಿಬಿಡುತ್ತದೆ.

ತಂದೆ-ತಾಯಿ ಇಬ್ಬರನ್ನೂ ಹೋಲಿಸದೆ ತಾಯಿಯನ್ನು ಮಾತ್ರ ಹೋಲಿಸಿದ್ದಕ್ಕೂ ಕಾರಣವಿದೆ. ಕೊಡವರಲ್ಲಿ ವಿಧವೆಯ ಮರುಮದುವೆಗೆ ಹಿಂದಿನಿಂದಲೂ ಅವಕಾಶವಿದೆ. ಗಂಡ ಸತ್ತ ಮೇಲೆ ಹುಟ್ಟಿದ ಮಕ್ಕಳನ್ನು ಒಂದು ನೋಟ್‌ಪುಸ್ತಕ ಮೊದಲ ಗಂಡನ ಕೆಳಗೆ ಬರೆದರೆ ಇನ್ನೊಂದು ಎರಡನೆಯವನ ಕೆಳಗೆ ಬರೆಯಬಹುದು. ಹೆತ್ತವಳ ವಿಷಯದಲ್ಲಿ ಈ ಗೊಂದಲ ಇಲ್ಲ.

ತೊಂದರೆ ಎಂದರೆ ಹಳೆಯ ನೋಟ್‌ಪುಸ್ತಕಗಳಲ್ಲಿ ಹೆತ್ತವಳ ಹೆಸರೇ ಇಲ್ಲ. ಗಂಡಸಿನ ಹೆಸರು, ಅವನ ಗಂಡುಮಕ್ಕಳ ಹೆಸರು, ಮುಗಿಯಿತು. ಡೇಟಾಬೇಸ್‌ನಲ್ಲಿ ಖಾಲಿ ಜಾಗ ಎಂದರೆ ನಲ್, ಎರಡು ನಲ್‌ಗಳು ಪರಸ್ಪರ ಸಮ ಅಲ್ಲ. ಹೀಗಾಗಿ ತಾಯಿಯ ಹೆಸರಿಲ್ಲದ ಅಣ್ಣತಮ್ಮಂದಿರೆಲ್ಲ ಕ್ವೆರಿಯಿಂದ ಜಾರಿಹೋಗುತ್ತಿದ್ದರು. ಪ್ರತಿ ಮದುವೆಗೂ ‘ಹೆಸರು ತಿಳಿಯದ ಪತ್ನಿ’ ಎಂಬ ಒಂದು ಸಾಲು ಸೇರಿಸಿ ಮಕ್ಕಳನ್ನು ಅವಳಿಗೆ ಜೋಡಿಸಿದೆ. ಇಬ್ಬರು ಹೆಂಡಿರಿದ್ದ ಕಡೆ ಹೀಗೆ ಮಾಡುವುದು ಅಪಾಯ. ಅಂಥ ಸಾಲುಗಳಿಗೆ ಬೇರೆ ಗುರುತು ಹಾಕಿದೆ.

ಬಂದ ಪಟ್ಟಿ ನಂಬುವ ಹಾಗಿರಲಿಲ್ಲ. ಜಗತ್ತಿನ ಸರಾಸರಿಯನ್ನು ತೆಗೆದುಕೊಂಡರೆ 1980ರ ದಶಕದ ಆರಂಭದಲ್ಲಿ ಸಾವಿರ ಹೆರಿಗೆಗೆ ಸುಮಾರು 9 ಅವಳಿ ಹೆರಿಗೆಗಳಿದ್ದವು. ಕೃತಕ ಗರ್ಭಧಾರಣೆಯ ಚಿಕಿತ್ಸೆ ಹೆಚ್ಚಿದ ಮೇಲೆ, 2010-15ರ ಹೊತ್ತಿಗೆ, ಅದು ಸುಮಾರು 12ಕ್ಕೆ ಏರಿತು. ನಮ್ಮ ಕಡೆ ಹಿಂದಿನ ಕಾಲದಲ್ಲಿ ಇದಕ್ಕಿಂತ ಹೆಚ್ಚಿದ್ದಿರಲು ಕಾರಣವಿಲ್ಲ. ನನ್ನ ಪಟ್ಟಿಯ ಪ್ರಕಾರ ಈ ಒಕ್ಕ, ಅವಳಿಗಳ ಊರೆಂದು ಪತ್ರಿಕೆಗಳಲ್ಲಿ ಬರುವ ಮಲಪ್ಪುರಂ ಜಿಲ್ಲೆಯ ಕೊಡಿನ್ಹಿಯನ್ನೂ ಹಿಂದೆ ಹಾಕುತ್ತಿತ್ತು.

ಸುಳ್ಳು ಅವಳಿಗಳು

ಜೋಡಿಗಳನ್ನು ಒಂದೊಂದಾಗಿ ಬಿಡಿಸಿದಾಗ ಎರಡು ಬಗೆಯ ಸುಳ್ಳು ಕಂಡವು. ಮೊದಲನೆಯದರಲ್ಲಿ ಇಬ್ಬರು ಇರುವುದೇ ಇಲ್ಲ. ಒಬ್ಬನೇ ಎರಡು ಹೆಸರಿನಲ್ಲಿ ಕೂತಿದ್ದಾನೆ. ಜಾತಕದಲ್ಲಿ ಒಂದು ಹೆಸರು, ಮನೆಯಲ್ಲಿ ಕರೆಯುವುದು ಇನ್ನೊಂದು. ಮಕ್ಕ ಪರಿಜೆ ಎಂಬ ಪದ್ಧತಿಯಲ್ಲಿ ಮದುವೆಯಾದವರ ಮಕ್ಕಳು ತಾಯಿಯ ಒಕ್ಕಕ್ಕೆ ಸೇರುತ್ತಾರೆ. ಆದರೆ ತಂದೆಯ ಒಕ್ಕದವರೂ ತಮ್ಮ ನೆನಪಿಗೆಂದು ಆ ಮಕ್ಕಳನ್ನು ಬರೆದಿಟ್ಟುಕೊಂಡಿರುತ್ತಾರೆ. ಎರಡು ಪುಸ್ತಕಗಳನ್ನು ಒಟ್ಟು ಮಾಡಿದ ಕೂಡಲೇ ಒಂದೇ ತಾಯಿ, ಒಂದೇ ತಾರೀಖು, ಎರಡು ಹೆಸರು. ಕ್ವೆರಿಗೆ ಇದಕ್ಕಿಂತ ಚೆನ್ನಾದ ಅವಳಿ ಬೇಕೇ?

ಇದನ್ನು ಬೇರ್ಪಡಿಸಲು ಹೆಸರುಗಳನ್ನು ಹೋಲಿಸಿ ಪ್ರಯೋಜನವಿಲ್ಲ. ಬದುಕನ್ನು ಹೋಲಿಸಬೇಕು. ಇಬ್ಬರ ಲಿಂಗ ಬೇರೆಯೇ? ಇಬ್ಬರಿಗೂ ಬೇರೆ ಬೇರೆ ಮದುವೆ ಇದೆಯೇ? ಸತ್ತ ದಿನಗಳು ಬೇರೆಯೇ? ಇವುಗಳಲ್ಲಿ ಒಂದಾದರೂ ಹೌದು ಎಂದರೆ ಇಬ್ಬರಿರುವ ಸಾಧ್ಯತೆ ಗಟ್ಟಿ. ಒಬ್ಬನಿಗೆ ಹೆಂಡತಿ, ಮಕ್ಕಳು, ತೋಟ, ಮರಣ ಎಲ್ಲ ಇದ್ದು ಇನ್ನೊಬ್ಬನಿಗೆ ಹುಟ್ಟಿದ ದಿನದ ಹೊರತು ಏನೂ ಇಲ್ಲದಿದ್ದರೆ ಅವನು ಬಹುಮಟ್ಟಿಗೆ ಇವನೇ. ‘ಬಹುಮಟ್ಟಿಗೆ’ ಎನ್ನುವುದಕ್ಕೆ ಕಾರಣ, ಹಸುಗೂಸಾಗಿ ತೀರಿಕೊಂಡ ಅವಳಿಯೂ ದಾಖಲೆಯಲ್ಲಿ ಥೇಟ್ ಹೀಗೆಯೇ ಕಾಣುತ್ತದೆ. ಅಂಥವನ್ನು ಯಂತ್ರ ತೀರ್ಮಾನಿಸಬಾರದು. ‘ಕೇಳಬೇಕು’ ಎಂಬ ಪಟ್ಟಿಗೆ ಹಾಕಿದೆ.

1969ರ ಜನನ ಮರಣ ನೋಂದಣಿ ಕಾಯ್ದೆ ಜಾರಿಯಾದ ಮೇಲಿನವರದ್ದು ಸುಲಭ. ಅವಳಿಗಳಿದ್ದರೆ ಪ್ರತಿ ಮಗುವಿಗೂ ಬೇರೆ ನಮೂನೆ ತುಂಬಿ, ಷರಾ ಜಾಗದಲ್ಲಿ ಅವಳಿ ಜನನ ಎಂದು ಬರೆಯಬೇಕೆಂಬ ಸೂಚನೆ ನೋಂದಣಿಯ ನಮೂನೆಯಲ್ಲೇ ಇದೆ. ನೋಂದಣಿ ಸಂಖ್ಯೆಗಳು ಸಾಮಾನ್ಯವಾಗಿ ಅಕ್ಕಪಕ್ಕದವು. ಎರಡು ಬೇರೆ ಸಂಖ್ಯೆ ಕಂಡರೆ ಎರಡು ಮಕ್ಕಳು ಎಂದು ಕಣ್ಣು ಮುಚ್ಚಿ ಬರೆಯಬಹುದು.

ಎರಡನೆಯ ಸುಳ್ಳು ಶಾಲೆಯದು. ಹೇಳಿಕೆ ಟೇಬಲ್‌ನಲ್ಲಿ ತಿಂಗಳು ಮತ್ತು ದಿನವನ್ನು ಮಾತ್ರ ತೆಗೆದು, ಯಾವ ದಿನ ಎಷ್ಟು ಸಲ ಬಂದಿದೆ ಎಂದು ಎಣಿಸಿದೆ. ಜೂನ್ 1 ಎಲ್ಲಕ್ಕಿಂತ ಮೇಲೆ ಎದ್ದು ನಿಂತಿತು. ಹಿಂದಿನ ಮೇಷ್ಟರುಗಳಲ್ಲಿ ಅನೇಕರು ಮಗುವಿಗೆ ವಯಸ್ಸು ಹೊಂದುವಂತೆ ಜೂನ್ ತಿಂಗಳ ಒಂದು ತಾರೀಖನ್ನು ಬರೆದು ಸೇರಿಸಿಕೊಳ್ಳುತ್ತಿದ್ದರು ಎಂಬುದು ಕರ್ನಾಟಕದಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ಶಾಲೆ ದೂರ, ನಡುವೆ ಹೊಳೆ ಮತ್ತು ಕಾಡು. ಅಣ್ಣನನ್ನು ತಡೆದು ತಮ್ಮನ ಜೊತೆಗೆ ಒಂದೇ ತರಗತಿಗೆ ಸೇರಿಸಿದ ಮನೆಗಳಿವೆ. ಇಬ್ಬರಿಗೂ ಒಂದೇ ವರ್ಷದ ಜೂನ್ 1. ಮುಂದೆ ಇಬ್ಬರೂ ಸೇನೆ ಸೇರಿದರು; ಬಿಡುಗಡೆ ಪುಸ್ತಕದಲ್ಲೂ ಅದೇ ತಾರೀಖು. ನೋಡುವವರಿಗೆ ಎರಡು ದಾಖಲೆಗಳ ಸಾಕ್ಷಿ, ನಿಜದಲ್ಲಿ ಒಂದೇ ದಾಖಲೆಯ ನಕಲು. ಅದಕ್ಕೇ ಹೇಳಿಕೆ ಟೇಬಲ್‌ಗೆ ‘ಯಾವುದರಿಂದ ಬಂದದ್ದು’ ಎಂಬ ಕಾಲಂ ಸೇರಿಸಿ, ಶಾಲೆಯ ಮೂಲದ್ದೆಲ್ಲವನ್ನೂ ಒಂದೇ ಸಾಕ್ಷಿಯೆಂದು ಲೆಕ್ಕ ಹಾಕಿದೆ.

ಇಲ್ಲಿ ಕೈ ಹಿಡಿದದ್ದು ಜಾತಕ. ಚಂದ್ರ ಒಂದು ನಕ್ಷತ್ರದಲ್ಲಿ ಇರುವುದು ಸುಮಾರು ಒಂದು ದಿನ. ಒಂದೇ ಹೆರಿಗೆಯ ಮಕ್ಕಳಿಗೆ ಒಂದೇ ನಕ್ಷತ್ರವಿರಬೇಕು, ಹೆಚ್ಚೆಂದರೆ ಪಕ್ಕದ್ದು. ಇಪ್ಪತ್ತೇಳು ನಕ್ಷತ್ರಗಳಿಗೆ ಕ್ರಮವಾಗಿ ಸಂಖ್ಯೆ ಕೊಟ್ಟು, ಜೋಡಿಯ ನಕ್ಷತ್ರಗಳ ಅಂತರ ಒಂದಕ್ಕಿಂತ ಹೆಚ್ಚಿದ್ದರೆ ತೆಗೆದುಹಾಕು ಎಂದು ಷರತ್ತು ಸೇರಿಸಿದೆ. ರೇವತಿಯ ಮುಂದಿನದು ಅಶ್ವಿನಿ ಎಂಬುದನ್ನು ಮರೆಯದೆ 26ರ ಅಂತರವನ್ನೂ ಒಪ್ಪಿಕೊಳ್ಳುವಂತೆ ಮಾಡಬೇಕು. ಶಾಲೆಯ ಅವಳಿಗಳಲ್ಲಿ ಜಾತಕ ಸಿಕ್ಕವರೆಲ್ಲ ಇಲ್ಲಿ ಉದುರಿದರು. ಜ್ಯೋತಿಷ್ಯದ ಫಲದಲ್ಲಿ ನನಗೆ ನಂಬಿಕೆಯಿಲ್ಲ, ಆದರೆ ಜಾತಕ ಬರೆದವರು ಗಳಿಗೆ ನೋಡಿ ಬರೆದಿದ್ದಾರೆ. ಶಾಲೆಯ ದಾಖಲೆಗೆ ಆ ಗೌರವ ಕೊಡಲಾರೆ.

148 ದಿನ

ಇನ್ನೊಂದು ಕ್ವೆರಿಯನ್ನು ಬರೆದದ್ದು ತಪ್ಪು ಹಿಡಿಯುವುದಕ್ಕೆ, ಅವಳಿಗಳಿಗಾಗಿ ಅಲ್ಲ. ಒಂದೇ ತಾಯಿಯ ಇಬ್ಬರು ಮಕ್ಕಳ ನಡುವೆ 3ರಿಂದ 200 ದಿನಗಳ ಅಂತರ ಇದ್ದರೆ ತೋರಿಸು, ಅಷ್ಟೇ. ಅಂಥ ಅಂತರದಲ್ಲಿ ಎರಡು ಹೆರಿಗೆ ಆಗುವುದು ಸಾಮಾನ್ಯವಾಗಿ ಸಾಧ್ಯವಿಲ್ಲ, ಆದ್ದರಿಂದ ಪಟ್ಟಿಗೆ ಬಂದ ಪ್ರತಿ ಸಾಲಿನಲ್ಲೂ ಏನೋ ಎಡವಟ್ಟಿದೆ ಎಂದರ್ಥ.

ಅದರಲ್ಲಿ ಒಂದು ಜೋಡಿಯ ಅಂತರ 148 ದಿನ. ಅಣ್ಣ ಮಾರ್ಚ್ 8, ತಮ್ಮ ಆಗಸ್ಟ್ 3. ತಮ್ಮನ ತಾರೀಖು ಜಾತಕದಿಂದ ಬಂದದ್ದು. ಅಣ್ಣನದು ಎಕ್ಸೆಲ್ ಕಡತದಿಂದ. ಅದೇ ಕಡತದ ಪಕ್ಕದ ಕಾಲಂನಲ್ಲಿ ‘ಕಕ್ಕಡ ಮಾಸ’ ಎಂದಿದೆ. ಕಕ್ಕಡ ಎಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಮಾರ್ಚ್‌ನಲ್ಲಿ ಕಕ್ಕಡ ಎಲ್ಲಿಂದ ಬರಬೇಕು? ಹುಡುಗ 3-8 ಎಂದು ಟೈಪ್ ಮಾಡಿದ್ದ. ಅವನ ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿ ಇದ್ದುದರಿಂದ ಅದನ್ನು ಮೂರನೆಯ ತಿಂಗಳಿನ ಎಂಟನೆಯ ದಿನವೆಂದು ಓದಿಕೊಂಡಿತ್ತು. ತಿರುಗಿಸಿದರೆ ಆಗಸ್ಟ್ 3, ಕೊಡವರಿಗೆ ಮದ್ದುಸೊಪ್ಪಿನ ಪಾಯಸದ ದಿನವಾದ ಕಕ್ಕಡ ಹದಿನೆಂಟು. ಇಬ್ಬರಿಗೂ ಬೇರೆ ಬೇರೆ ಮದುವೆ, ಬೇರೆ ಬೇರೆ ಮರಣ. ಅಪ್ಪಟ ಅವಳಿಗಳು. ಮೊದಲ ಕ್ವೆರಿ ಅವರನ್ನು ಮುಟ್ಟಿಯೂ ನೋಡಿರಲಿಲ್ಲ.

ಎಕ್ಸೆಲ್‌ನ ಈ ಕಾಯಿಲೆಯಲ್ಲಿ ಒಂದು ಗುಣವಿದೆ: ಹನ್ನೆರಡಕ್ಕಿಂತ ಹೆಚ್ಚಿನ ದಿನಗಳನ್ನು ತಿರುಗಿಸಲಾಗದೆ ಬರಿಯ ಅಕ್ಷರಗಳಾಗಿ ಬಿಟ್ಟಿರುತ್ತದೆ. 1900ಕ್ಕಿಂತ ಹಿಂದಿನ ತಾರೀಖುಗಳನ್ನೂ ಅದು ತಾರೀಖೆಂದು ಗಣಿಸುವುದಿಲ್ಲವಾದ್ದರಿಂದ ಮುತ್ತಜ್ಜಂದಿರು ಸುರಕ್ಷಿತವಾಗಿದ್ದರು. ಉಳಿದವರಿಗೆ ಎಡಮ್ಯಾರ್‌ನಿಂದ ಹಿಡಿದು ಹನ್ನೆರಡೂ ಕೊಡವ ತಿಂಗಳುಗಳು ಇಂಗ್ಲಿಷ್ ತಾರೀಖಿನಲ್ಲಿ ಎಲ್ಲಿಂದ ಎಲ್ಲಿಗೆ ಎಂದು ಒಂದು ಸಣ್ಣ ಟೇಬಲ್ ಮಾಡಿ, ತಾರೀಖು ಅದರೊಳಗೆ ಬೀಳದವರನ್ನೆಲ್ಲ ಹೆಕ್ಕಿ ತಿದ್ದಿದೆ.

ಟಿಪ್ಪಣಿಗಳಲ್ಲಿ ‘ಅವಳಿ’, ‘ಜವಳಿ’ ಎಂಬ ಪದಗಳನ್ನೂ ಹುಡುಕಿ ನೋಡಿದೆ. ಸಿಕ್ಕವರಲ್ಲಿ ಹೆಚ್ಚಿನವರು ಗೋಣಿಕೊಪ್ಪದಲ್ಲೋ ಮೈಸೂರಿನಲ್ಲೋ ಜವಳಿ ಅಂಗಡಿ ಇಟ್ಟವರು.

ಹೆಣ್ಣುಮಕ್ಕಳು ಎಲ್ಲಿ?

ಸೋಸಿದ ಮೇಲೆ ಉಳಿದ ಪಟ್ಟಿ ಪುಟ್ಟದಾಗಿತ್ತು, ಸಂಖ್ಯೆಯೂ ನಂಬುವ ಹಾಗಿತ್ತು. ಆದರೆ ಲಿಂಗದ ಕಾಲಂ ನೋಡಿದರೆ ಹಳೆಯ ತಲೆಮಾರುಗಳಲ್ಲಿ ಎಲ್ಲ ಜೋಡಿಗಳೂ ಗಂಡು-ಗಂಡು.

ಇದು ಪ್ರಕೃತಿಗೆ ಒಪ್ಪುವುದಿಲ್ಲ. ತದ್ರೂಪಿ ಅವಳಿಗಳು ಜಗತ್ತಿನ ಎಲ್ಲೆಡೆ ಸಾವಿರ ಹೆರಿಗೆಗೆ ಸುಮಾರು ನಾಲ್ಕು; ಅವರು ಇಬ್ಬರೂ ಗಂಡು ಅಥವಾ ಇಬ್ಬರೂ ಹೆಣ್ಣು. ಎರಡು ಬೇರೆ ಅಂಡಗಳಿಂದ ಹುಟ್ಟುವ ಅವಳಿಗಳಲ್ಲಿ ಮಾತ್ರ ಅರ್ಧದಷ್ಟು ಜೋಡಿಗಳು ಒಂದು ಗಂಡು ಒಂದು ಹೆಣ್ಣು ಆಗಿರುತ್ತವೆ, ನಾಣ್ಯ ಚಿಮ್ಮಿದ ಹಾಗೆ. ವೈನ್‌ಬರ್ಗ್ ಎಂಬ ಜರ್ಮನ್ ವೈದ್ಯ 1901ರಲ್ಲಿ ಹಾಕಿಕೊಟ್ಟ ಲೆಕ್ಕ ಇದು: ಗಂಡು-ಹೆಣ್ಣು ಜೋಡಿಗಳನ್ನು ಎಣಿಸಿ ಎರಡರಿಂದ ಗುಣಿಸಿದರೆ ಭಿನ್ನ ಅವಳಿಗಳ ಒಟ್ಟು ಸಂಖ್ಯೆ. ತಿರುಗಿಸಿ ನೋಡಿದರೆ, ಜಗತ್ತಿನ ಸರಾಸರಿಗೆ ಹೊಂದುವ ಪಟ್ಟಿಯಲ್ಲಿ ಸುಮಾರು ನಾಲ್ಕರಲ್ಲಿ ಒಂದು ಜೋಡಿ ಗಂಡು-ಹೆಣ್ಣು ಇರಬೇಕು, ಹೆಣ್ಣು-ಹೆಣ್ಣು ಜೋಡಿಗಳೂ ಹೆಚ್ಚುಕಡಿಮೆ ಗಂಡು-ಗಂಡಿನಷ್ಟೇ ಇರಬೇಕು. ಬೆರಳೆಣಿಕೆಯ ಜೋಡಿಗಳಿಂದ ದೊಡ್ಡ ತೀರ್ಮಾನಕ್ಕೆ ಹಾರಬಾರದು, ಒಪ್ಪುತ್ತೇನೆ. ಆದರೆ ಕಾರಣ ಕಣ್ಣೆದುರೇ ಇತ್ತು. ಒಕ್ಕ ಸಾಗುವುದು ತಂದೆಯ ಕಡೆಯಿಂದ. ಹಳೆಯ ನೋಟ್‌ಪುಸ್ತಕ ಬರೆದವರು, ಮದುವೆಯಾಗಿ ಬೇರೆ ಒಕ್ಕಕ್ಕೆ ಹೋಗುವ ಹೆಣ್ಣುಮಕ್ಕಳನ್ನು ಬರೆಯುವ ಗೊಡವೆಗೇ ಹೋಗಿಲ್ಲ. ವಂಶಪಾರಂಪರ್ಯವಾಗಿ ಬರುವ ಜಮ್ಮಾ ಜಮೀನಿನ ಕಾಗದಗಳಲ್ಲಂತೂ ಅವರನ್ನು ಹುಡುಕುವುದೇ ವ್ಯರ್ಥ.

ಹಾಗಿದ್ದರೆ ಅವರು ಎಲ್ಲಿ ಬರೆಯಲ್ಪಟ್ಟಿದ್ದಾರೆ? ಹೋದ ಮನೆಯ ಪುಸ್ತಕದಲ್ಲಿ. ಅಲ್ಲಿ ಹೆಂಡತಿಯ ಹೆಸರಿನ ಜೊತೆ ಅವಳ ತಾಮನೆ, ಅಂದರೆ ತವರಿನ ಒಕ್ಕ, ದಾಖಲಾಗಿರುವುದುಂಟು. ನೆರೆಯ ಎರಡು ಒಕ್ಕಗಳು ತಮ್ಮ ವಂಶಾವಳಿಯನ್ನು ಮೊದಲೇ ಅಚ್ಚು ಹಾಕಿಸಿದ್ದವು. ಅವರಿಂದ ಪುಸ್ತಕ ತಂದು, ತಾಮನೆಯ ಜಾಗದಲ್ಲಿ ಈ ಒಕ್ಕದ ಹೆಸರಿರುವ ಹೆಂಗಸರನ್ನು ಮಾತ್ರ ‘ಹೊರಗಿನ ಸಾಲು’ ಎಂಬ ಟೇಬಲ್‌ಗೆ ಏರಿಸಿದೆ. ಆಮೇಲೆ ಕ್ವೆರಿ: ಹೊರಗಿನ ಸಾಲಿನ ಹೆಂಗಸಿನ ಹುಟ್ಟಿದ ದಿನಕ್ಕೂ ಒಕ್ಕದೊಳಗಿನ ಯಾವನಾದರೂ ಗಂಡಸಿನ ಹುಟ್ಟಿದ ದಿನಕ್ಕೂ ಒಂದು ದಿನದೊಳಗಿನ ಅಂತರ ಇದೆಯೇ? ತಾಯಿ ಯಾರೆಂದು ಇಲ್ಲಿ ಹೋಲಿಸಲಾಗದು, ಆದ್ದರಿಂದ ದಾಯಾದಿಗಳ ಮಕ್ಕಳೂ ಬರಬಹುದು. ಬಂದದ್ದನ್ನು ಸುಳಿವು ಎಂದಷ್ಟೇ ತಿಳಿಯಬೇಕು.

ಮೂರು ಸುಳಿವುಗಳು ಬಂದವು. ಪುತ್ತರಿಗೆ ಒಕ್ಕದವರೆಲ್ಲ ಐನ್‌ಮನೆಯಲ್ಲಿ ಸೇರಿದಾಗ ‘ಕೇಳಬೇಕು’ ಪಟ್ಟಿಯ ಜೊತೆಗೆ ಇವನ್ನೂ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಒಯ್ದೆ. ಪಟ್ಟೆದಾರರು ಕನ್ನಡಕ ಹುಡುಕುತ್ತಿರುವಾಗಲೇ ಪಕ್ಕದಲ್ಲಿ ಕೂತಿದ್ದ ಅವರ ಚಿಕ್ಕಮ್ಮ ಎರಡು ಹೆಸರುಗಳನ್ನು ಓದಿಸಿಕೇಳಿ, “ಇವರಿಬ್ಬರೂ ಒಟ್ಟಿಗೆ ಹುಟ್ಟಿದವರಲ್ಲವೇ? ಅವಳ ಮದುವೆಯಾದ ಮೇಲೆಯೂ ಇಬ್ಬರ ಹುಟ್ಟುಹಬ್ಬಕ್ಕೆ ಇಲ್ಲಿಂದಲೇ ಬುತ್ತಿ ಹೋಗುತ್ತಿತ್ತು” ಎಂದರು. ಎರಡನೆಯ ಸುಳಿವು ದಾಯಾದಿಗಳ ಮಕ್ಕಳು ಎಂದು ಅಲ್ಲೇ ಇತ್ಯರ್ಥವಾಯಿತು. ಮೂರನೆಯವರನ್ನು ನೆನಪಿಟ್ಟುಕೊಂಡವರು ಯಾರೂ ಇರಲಿಲ್ಲ.

ಅದೇ ಚಿಕ್ಕಮ್ಮ ಇನ್ನೊಂದು ಜೋಡಿ ಅಣ್ಣತಮ್ಮಂದಿರನ್ನೂ ಅವಳಿಗಳೆಂದು ಅಷ್ಟೇ ಖಚಿತವಾಗಿ ಹೇಳಿದರು. ಇಬ್ಬರ ಜಾತಕವೂ ನನ್ನ ಬಳಿ ಇತ್ತು: ಒಬ್ಬನದು ರೋಹಿಣಿ, ಇನ್ನೊಬ್ಬನದು ಸ್ವಾತಿ, ವರ್ಷವೂ ಬೇರೆ. ಒಂದೇ ತರಗತಿಯಲ್ಲಿ ಓದಿದವರು, ಒಂದೇ ಬಟ್ಟೆ ಹೊಲಿಸಿಕೊಂಡವರು. “ಜಾತಕ ಬರೆದವನಿಗೆ ತಪ್ಪಿರಬಹುದು” ಎಂದರು ಅವರು. ನಾನು ವಾದ ಮಾಡಲಿಲ್ಲ, ಪುಸ್ತಕದಲ್ಲಿ ಅವಳಿ ಎಂದು ಹಾಕಲೂ ಇಲ್ಲ.

ದೊಡ್ಡವರು ಯಾರು ಎಂಬ ಪ್ರಶ್ನೆಗೆ ‘ಜನನ ಕ್ರಮ’ ಎಂಬ ಕಾಲಂ ಇದೆ. ಜಾತಕದಲ್ಲಿ ಗಳಿಗೆ ಇರುವ ಜೋಡಿಗಳಿಗೆ ಅದನ್ನು ತುಂಬಿದ್ದೇನೆ. ಇಲ್ಲದವರಿಗೆ ಖಾಲಿ. ಕೆಲವರು ಮೊದಲು ಬಂದವನೇ ಹಿರಿಯ ಎನ್ನುತ್ತಾರೆ, ಕೆಲವರು ಹೊಟ್ಟೆಯಲ್ಲಿ ಮೇಲೆ ಕೂತು ಕೊನೆಗೆ ಬಂದವನು ಹಿರಿಯ ಎನ್ನುತ್ತಾರೆ; ಅದನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ ಎಂದು ಪಟ್ಟೆದಾರರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಖಾಲಿ ಇರುವ ಜೋಡಿಗಳಿಗೆ ಒಂದೇ ಸಂಖ್ಯೆ ಕೊಟ್ಟು ಮುಂದೆ ‘ಅ’, ‘ಆ’ ಸೇರಿಸಿ, ಹೆಸರುಗಳನ್ನು ಅಕಾರಾದಿಯಾಗಿ ಹಾಕಲು ಹೇಳಿದರು. ಅಚ್ಚಿನ ಕರಡಿನಲ್ಲಿ ಹಾಗೆಯೇ ಇದೆ. ಯಾರೂ ನೆನಪಿಡದ ಮೂರನೆಯ ಜೋಡಿಯ ಎದುರು ಪ್ರಶ್ನಾರ್ಥಕ ಚಿಹ್ನೆ ಇದೆ. ಇನ್ನೊಂದು ಒಕ್ಕದ ಪುಸ್ತಕ ಸಿಕ್ಕಿದರೆ ಅದೇ ಕ್ವೆರಿಯನ್ನು ಮತ್ತೆ ಓಡಿಸುತ್ತೇನೆ.